ಬ್ರಿಸಲ್‌ಕೋನ್ ಪೈನ್: ಸರಾಸರಿ ಬಿಟ್ಟೆ, ಇಳಿಜಾರು ಹಿಡಿದೆ

ಸಾವಿರಾರು ವರ್ಷ ಬದುಕುವ ಬ್ರಿಸಲ್‌ಕೋನ್ ಪೈನ್‌ನಲ್ಲಿ, ಒಂದೇ ಬೆಟ್ಟದ ಮರಗಳನ್ನೆಲ್ಲ ಒಂದೇ ಕ್ರೊನಾಲಜಿಗೆ (ಉಂಗುರಗಳ ಅಗಲದ ಸರಾಸರಿಯಿಂದ ಕಟ್ಟುವ ವರ್ಷವಾರು ಸರಣಿಗೆ) ಸೇರಿಸಬೇಡಿ ಅಂತ ನಾನು ಹೇಳುತ್ತಲೇ ಬಂದಿದ್ದೆ. 'ಕೋರ್ (ಕಾಂಡ ಕೊರೆದು ತೆಗೆಯುವ ಕಡ್ಡಿಯಂಥ ಮಾದರಿ) ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ' ಅಂತ ಎಲ್ಲರೂ ತಳ್ಳಿಹಾಕಿದರು. ಈಗ ಉಂಗುರಗಳೇ ನನ್ನ ಪರ ಮಾತಾಡುತ್ತಿವೆ.

ಜಾಗ ಕ್ಯಾಲಿಫೋರ್ನಿಯಾದ ವೈಟ್ ಮೌಂಟನ್ಸ್, 3,400 ಮೀಟರ್ ಆಸುಪಾಸು. ಮೊದಲ ಕೆಲವು ಬೇಸಿಗೆ ಬರೀ ನಿರಾಸೆ. ಕ್ರಾಸ್‌ಡೇಟಿಂಗ್, ಅಂದರೆ ಮರದಿಂದ ಮರಕ್ಕೆ ಉಂಗುರ ಹೊಂದಿಸಿ ವರ್ಷ ಗುರುತಿಸುವುದು, ಸರಿಯಾಗಿಯೇ ಕೂತಿತ್ತು. 1883ರ ಕ್ರಕಟೋವ ಸ್ಫೋಟದ ಮರುವರ್ಷದ ಫ್ರಾಸ್ಟ್ ರಿಂಗ್ (ಬೆಳೆಯುವ ಕಾಲದ ಹಿಮಗಟ್ಟುವ ಚಳಿಗೆ ಹಾಳಾದ ಉಂಗುರ) ಕೂಡ ಕಾಣಿಸಿತು. ಆದರೆ ಸರಾಸರಿ ತೆಗೆದರೆ ತಾಪಮಾನಕ್ಕೂ ಹೊಂದುವುದಿಲ್ಲ, ತೇವಕ್ಕೂ ಹೊಂದುವುದಿಲ್ಲ. ಅಷ್ಟರಲ್ಲಿ ಕೋರ್ ತೆಗೆಯುವ ಟೊಳ್ಳು ಕೊರೆಯುವ ಸಲಕರಣೆಗಳಾದ ಬೋರರ್‌ಗಳೂ ಮುರಿದವು. ಉದ್ದದ್ದು ಒಂದಕ್ಕೇ ಹತ್ತಿರಹತ್ತಿರ 400 ಡಾಲರ್. ಅನುದಾನ ಕೇಳಿದೆ, ಸಿಗಲಿಲ್ಲ. ಕೈಯಿಂದಲೇ ಹಾಕಿದೆ.

ಹೊಸ ಬೋರರ್ ಕೊಳ್ಳುವ ಬದಲು ಆ ದುಡ್ಡಲ್ಲಿ ಗುಂಡಿಯಷ್ಟು ಚಿಕ್ಕ, ತಾಪಮಾನವನ್ನು ತಾವೇ ದಾಖಲಿಸುತ್ತಾ ಹೋಗುವ ಲಾಗರ್‌ಗಳನ್ನು ತಂದೆ. ಕೋರ್ ತೆಗೆದ ಮರಗಳ ಪಕ್ಕದಲ್ಲೇ ಕಟ್ಟಿದೆ. ಆಗ ಚಿತ್ರ ಬಿಡಿಸಿಕೊಂಡಿತು. ಟ್ರೀಲೈನ್‌ನಿಂದ (ಮರ ಬೆಳೆಯುವ ಎತ್ತರದ ಮಿತಿಯಿಂದ) ಹತ್ತಾರು ಮೀಟರ್ ಕೆಳಗಿಳಿದರೆ, ಅಥವಾ ಉತ್ತರದ ಇಳಿಜಾರಿಂದ ದಕ್ಷಿಣಕ್ಕೆ ಹೊರಳಿದರೆ, ಮರ ಕೇಳುವುದೇ ಬೇರೆ. ಮೇಲಿನ ತಂಪು ಜಾಗದ ಮರಕ್ಕೆ ಬೇಸಿಗೆಯ ಬಿಸಿ ಬೇಕು. ಬಿಸಿಲು ಬೀಳುವ ಕಡೆಯ ಮರಕ್ಕೆ ನೀರು ಬೇಕು. ಎರಡನ್ನೂ ಬೆರೆಸಿದರೆ ಒಂದರ ದನಿಯನ್ನು ಇನ್ನೊಂದು ಅಳಿಸುತ್ತದೆ. ಬೇರೆ ಮಾಡಿದ ಮೇಲೆ ಮೇಲಿನ ಗುಂಪಿನಲ್ಲಿ 20ನೇ ಶತಮಾನದ ಎರಡನೇ ಅರ್ಧದ ಉಂಗುರಗಳು ಎದ್ದು ಕಾಣುವಷ್ಟು ಅಗಲ. ಕೆಳಗಿನ ಗುಂಪಿನಲ್ಲಿ ಒಣ ವರ್ಷಗಳೆಲ್ಲ ಕೂದಲೆಳೆಯಂತೆ ಕಿರಿದು, ಕೆಲವು ಉಂಗುರ ಇಲ್ಲವೇ ಇಲ್ಲ.

ಒಂದು ಪಟ್ಟಿಯಷ್ಟು ತೊಗಟೆ ಮಾತ್ರ ಜೀವಂತ ಉಳಿದ ಮರಕ್ಕೆ ಯಾವ ಕೋನದಲ್ಲಿ ಬೋರರ್ ಇಡಬೇಕು ಅನ್ನುವುದು ನನ್ನದೇ ಉಪಾಯ. ಅದನ್ನು ಸದ್ಯಕ್ಕೆ ಗುಟ್ಟಾಗಿ ಇಟ್ಟುಕೊಳ್ಳುತ್ತೇನೆ.

ಜೊತೆಗೆ ಮೇಲಿನ ಸತ್ತ ಕಾಂಡಗಳನ್ನೂ ನೋಡಿದೆ. ಇವತ್ತಿನ ಟ್ರೀಲೈನ್‌ಗಿಂತ 100 ಮೀಟರಿಗೂ ಜಾಸ್ತಿ ಎತ್ತರದಲ್ಲಿ ಬಿದ್ದಿವೆ. ಸಾವಿರಾರು ವರ್ಷ ಹಿಂದೆ ಅಲ್ಲಿ ಕಾಡಿತ್ತು. ಈಗ ಅದೇ ಕಡೆ ಸಸಿ ಎಣಿಸುತ್ತಿದ್ದೇನೆ. ಬ್ರಿಸಲ್‌ಕೋನ್‌ಗಿಂತ ಇನ್ನೊಂದು ಜಾತಿಯ ಪೈನ್ ಆದ ಲಿಂಬರ್ ಪೈನ್ ಸಸಿಗಳೇ ಹೆಚ್ಚು. ಅದರ ಬೀಜವನ್ನು ನಟ್‌ಕ್ರ್ಯಾಕರ್ ಹಕ್ಕಿ ಹೊತ್ತು ಹೂತಿಡುತ್ತದಲ್ಲ, ಅದಕ್ಕೇ ಇರಬೇಕು ಅಂತ ನನ್ನ ಅನುಮಾನ. ಮುಂದಿನ ಬೇಸಿಗೆಗೆ ಲಾಗರ್‌ಗಳೂ ಅಲ್ಲಿಗೇ ಹೋಗುತ್ತವೆ.