ಸಿಓಟು ನಿಜವಾಗಿ ಶಾಖ ಹಿಡಿಯುತ್ತಾ? ಬಾಟಲಿ ಬಿಟ್ಟು ಪೈಪಿನಲ್ಲಿ ನೋಡಿದ್ದು

ಎರಡು ಬಾಟಲಿ ತಗೊಳ್ಳಿ. ಒಂದರಲ್ಲಿ ಮಾಮೂಲಿ ಗಾಳಿ, ಇನ್ನೊಂದರಲ್ಲಿ ಕಾರ್ಬನ್ ಡೈಆಕ್ಸೈಡ್, ಅಂದರೆ ಸಿಓಟು. ಎದುರಿಗೆ ಬಲ್ಬ್ ಉರಿಸಿ, ಒಳಗೆ ಥರ್ಮಾಮೀಟರ್ ಇಡಿ. ಸ್ವಲ್ಪ ಹೊತ್ತಿಗೆ ಎರಡನೇ ಬಾಟಲಿ ಒಂದೆರಡು ಡಿಗ್ರಿ ಜಾಸ್ತಿ ತೋರಿಸುತ್ತದೆ. ಭೂಮಿ ಬಿಸಿ ಆಗ್ತಿರೋದು ಹೀಗೇ ಅಂತ ವಿಜ್ಞಾನ ಪ್ರದರ್ಶನದಲ್ಲಿ ಮಕ್ಕಳು ಹೇಳೋದನ್ನ ನೀವೂ ಕೇಳಿರ್ತೀರಿ. ಬಾಟಲಿ ಬಿಸಿ ಆಗೋದು ನಿಜ. ಆದರೆ ಅದು ಬಿಸಿ ಆಗೋದಕ್ಕೆ ಕಾರಣ ಬೇರೆ, ಭೂಮಿ ಬಿಸಿ ಆಗೋದಕ್ಕೆ ಕಾರಣ ಬೇರೆ. ಅದನ್ನು ಬೇರೆ ಮಾಡಿ ನೋಡೋಕೆ ನಾನು ಏನು ಮಾಡಿದೆ ಅಂತ ಬರೀತಿದ್ದೇನೆ.

ನಾನು ದಾವಣಗೆರೆಯಲ್ಲಿ ಎಸಿ, ಫ್ರಿಜ್ ರಿಪೇರಿ ಮಾಡುವವನು. ಅಕ್ಕನ ಮಗಳು ಒಂಬತ್ತನೇ ಕ್ಲಾಸು, ಅವಳ ಪ್ರಾಜೆಕ್ಟಿಗೆ ಅಂತ ಈ ಬಾಟಲಿಗಳು ನಮ್ಮ ಮನೆಗೆ ಬಂದವು. ದಿನವೆಲ್ಲಾ ಗ್ಯಾಸಿನ ಜೊತೆ ಇರುವವರಿಗೆ ಒಂದು ವಿಷಯ ಗೊತ್ತಿರುತ್ತದೆ: ಭಾರದ ಗ್ಯಾಸು ಗಾಳಿಯ ಥರ ಓಡಾಡುವುದಿಲ್ಲ. ಲೀಕ್ ಆದರೆ ನೆಲದ ಮೇಲೆ ಹರಡಿಕೊಂಡು ಕೂರುತ್ತದೆ, ಬೇಗ ಕದಡುವುದಿಲ್ಲ. ಸಿಓಟು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಅದು ಬಾಟಲಿಯ ತಳದಲ್ಲಿ ಕೂತರೆ ಒಳಗಿನ ಬಿಸಿ ಮೇಲೆದ್ದು ಹೊರಗೆ ಹೋಗೋದು ನಿಧಾನ ಆಗುತ್ತದೆ. ಜೊತೆಗೆ ಶಾಖವನ್ನು ಪಕ್ಕಕ್ಕೆ ದಾಟಿಸುವುದರಲ್ಲೂ ಅದು ಗಾಳಿಗಿಂತ ಮಂದ. ಇನ್ನು ಬಲ್ಬಿನ ಬೆಳಕು, ಪ್ಲಾಸ್ಟಿಕ್ ಗೋಡೆ ಇವೆಲ್ಲ ನೋಡಿದರೆ, ಭೂಮಿ ಬಿಡುವಂಥ ಉದ್ದ ಅಲೆಯ ಶಾಖಕಿರಣ ಆ ಬಾಟಲಿಯ ಒಳಗೆ ಸರಿಯಾಗಿ ಹೋಗೋದೇ ಅನುಮಾನ.

ಇದನ್ನು ಪರೀಕ್ಷೆ ಮಾಡೋಕೆ ಸುಲಭದ ದಾರಿ ಆರ್ಗಾನ್. ಅದೂ ಗಾಳಿಗಿಂತ ಭಾರ, ಅದೂ ಶಾಖ ದಾಟಿಸುವುದರಲ್ಲಿ ಮಂದ, ಎರಡೂ ಹೆಚ್ಚುಕಮ್ಮಿ ಸಿಓಟುವಿನಷ್ಟೇ. ಆದರೆ ಆರ್ಗಾನ್ ಅಂದರೆ ಒಂಟಿ ಪರಮಾಣು. ಅದರಲ್ಲಿ ಬಾಗೋಕೆ, ಅಲುಗಾಡೋಕೆ ಎರಡನೇ ತುದಿಯೇ ಇಲ್ಲ. ಹಾಗಾಗಿ ಇನ್ಫ್ರಾರೆಡ್, ಅಂದರೆ ಈ ಶಾಖಕಿರಣ, ಅದನ್ನು ಮುಟ್ಟದೆ ಹೋಗುತ್ತದೆ. ಎರಡೂ ಗ್ಯಾಸು ಫ್ಯಾಬ್ರಿಕೇಶನ್ ಶಾಪಿನಲ್ಲೇ ಸಿಗುತ್ತವೆ, ಒಂದು ಸಿಓಟು ವೆಲ್ಡಿಂಗಿಗೆ, ಒಂದು ಆರ್ಗಾನ್ ವೆಲ್ಡಿಂಗಿಗೆ. ಪರಿಚಯದವರ ಶಾಪಿಗೆ ಹೋಗಿ ಟ್ಯೂಬ್ ಬ್ಲಾಡರಿನಲ್ಲಿ ಎರಡನ್ನೂ ತುಂಬಿಸಿ ಕೊಡಿ ಅಂದೆ. "ಯಾವ ಗೇಟಿಗಣ್ಣ ಇದು?" ಅಂದ. "ಗೇಟಿಗಲ್ಲಪ್ಪ, ಬಾಟಲಿಗೆ" ಅಂದೆ. ಅವನು ನಕ್ಕು ತುಂಬಿಸಿಕೊಟ್ಟ.

ಆರ್ಗಾನ್ ಬಾಟಲಿ ಕೂಡ ಬಿಸಿಯಾಯಿತು. ಸಿಓಟು ಬಾಟಲಿಯಷ್ಟೇ ಅನ್ನಬಹುದು, ಅಲ್ಲಿಗೆ ಬಾಟಲಿಯ ಕಥೆ ಮುಗೀತು. ಆಮೇಲೆ ಓದಿದಾಗ ಗೊತ್ತಾಯಿತು, 2010ರಲ್ಲಿ ಅಮೆರಿಕದ ಒಂದು ಭೌತಶಾಸ್ತ್ರ ಪತ್ರಿಕೆಯಲ್ಲಿ ಇದೇ ಆರ್ಗಾನ್ ಉಪಾಯದಿಂದ ಇದನ್ನೇ ತೋರಿಸಿದ್ದಾರೆ, ಉತ್ತರ ಸರಿ ಆದರೆ ಕಾರಣ ತಪ್ಪು ಅಂತ.

"ಮಾಮ, ಹಾಗಾದ್ರೆ ಸಿಓಟು ಏನೂ ಮಾಡಲ್ವಾ?" ಅಂತ ಹುಡುಗಿ ಕೇಳಿದಳು. ಸರಿಯಾದ ಪ್ರಶ್ನೆ. ತುಂಬಾ ಜನ ಇಲ್ಲಿಗೇ ನಿಲ್ಲಿಸಿ, ನೋಡಿ ಎಲ್ಲಾ ಸುಳ್ಳು ಅಂತ ವಾಟ್ಸಾಪಿನಲ್ಲಿ ತಿರುಗಿಸ್ತಾರೆ. ಬಾಟಲಿಯಿಂದ ಈ ವಿಷಯ ಹೌದು ಅಂತಲೂ ಗೊತ್ತಾಗಲ್ಲ, ಅಲ್ಲ ಅಂತಲೂ ಗೊತ್ತಾಗಲ್ಲ, ಅಷ್ಟೇ. ಗೊತ್ತಾಗಬೇಕು ಅಂದರೆ ಗ್ಯಾಸು ಎಷ್ಟು ಬಿಸಿ ಆಯಿತು ಅಂತ ನೋಡೋದು ಬಿಟ್ಟು, ಒಂದು ಕಡೆಯಿಂದ ಬಿಟ್ಟ ಕಿರಣ ಇನ್ನೊಂದು ಕಡೆ ಎಷ್ಟು ಬಂತು ಅಂತ ನೋಡಬೇಕು.

ಇದನ್ನು 1859ರಲ್ಲೇ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಮಾಡಿದ್ದರು. ಅದಕ್ಕೂ ಮೂರು ವರ್ಷ ಮೊದಲು ಅಮೆರಿಕದ ಯೂನಿಸ್ ಫೂಟ್ ಅನ್ನುವ ಹೆಣ್ಣುಮಗಳು ಗಾಜಿನ ಕೊಳವೆಗಳನ್ನು ಬಿಸಿಲಿಗಿಟ್ಟು, ಸಿಓಟು ಇದ್ದದ್ದು ಜಾಸ್ತಿ ಕಾಯುತ್ತದೆ ಅಂತ ಬರೆದಿದ್ದರು. ಗಾಳಿಯಲ್ಲಿ ಈ ಗ್ಯಾಸು ಹೆಚ್ಚಿದ್ದರೆ ಭೂಮಿಯೂ ಜಾಸ್ತಿ ಬಿಸಿ ಇರುತ್ತಿತ್ತು ಅಂತ ಮೊದಲು ಅಂದವರು ಅವರೇ. ಆದರೆ ಅವರ ಕೊಳವೆಯಲ್ಲೂ ಗಾಜು, ಬಿಸಿಲು ಎಲ್ಲ ಸೇರಿಕೊಂಡಿದ್ದವು. ಟಿಂಡಾಲ್ ಹಿತ್ತಾಳೆ ಕೊಳವೆಯ ಎರಡೂ ತುದಿಗೆ ಗಾಜಿನ ಬದಲು ಕಲ್ಲುಪ್ಪಿನ ಬಿಲ್ಲೆ ಹಾಕಿದರು, ಯಾಕೆಂದರೆ ಗಾಜು ಶಾಖಕಿರಣವನ್ನು ತಡೆಯುತ್ತದೆ, ಉಪ್ಪು ಬಿಡುತ್ತದೆ.

ಅಷ್ಟು ದೊಡ್ಡ ಉಪ್ಪಿನ ಬಿಲ್ಲೆ ನನಗೆಲ್ಲಿ ಸಿಗಬೇಕು? ಆದರೆ ತರಕಾರಿ ಹಾಕಿಕೊಡುವ ಸರಬರ ಅನ್ನೋ ತೆಳು ಪಾಲಿಥೀನ್ ಕವರ್ ಇದೆಯಲ್ಲ, ಅದು ಶಾಖಕಿರಣವನ್ನು ಚೆನ್ನಾಗಿ ಬಿಡುತ್ತದೆ. ನಂಬಿಕೆ ಬರದಿದ್ದರೆ, ಮುಟ್ಟದೆ ದೂರದಿಂದಲೇ ಶಾಖಕಿರಣ ನೋಡಿ ಬಿಸಿ ಹೇಳುವ ಟೆಂಪರೇಚರ್ ಗನ್ ತಗೊಂಡು ಬಿಸಿ ನೀರಿನ ಪಾತ್ರೆಗೆ ಹಿಡಿಯಿರಿ, ಮಧ್ಯೆ ಕವರ್ ಅಡ್ಡ ಹಿಡಿದರೆ ರೀಡಿಂಗ್ ಸ್ವಲ್ಪವೇ ಇಳಿಯುತ್ತದೆ. ಕಿಟಕಿ ಗಾಜು ಅಡ್ಡ ಹಿಡಿದರೆ ಪಾತ್ರೆ ಮಾಯ, ಗಾಜಿನ ಟೆಂಪರೇಚರ್ ಬರುತ್ತದೆ. (ಈ ಕವರ್ ಬ್ಯಾನ್ ಆಗಿದೆ. ಆದರೂ ಹುಡುಕೋಕೆ ಕಷ್ಟವೇನೂ ಆಗಲಿಲ್ಲ.)

ಪೈಪು ನಾಲ್ಕು ಇಂಚಿನ ಪಿವಿಸಿ, ಒಂದು ಮೀಟರ್ ಉದ್ದ. ಒಳಗೆ ತೆಳು ಅಲ್ಯೂಮಿನಿಯಂ ಶೀಟನ್ನು ಸುರುಳಿ ಮಾಡಿ ತೂರಿಸಿದೆ. ಹೊಳಪಿದ್ದರೆ ಕಿರಣ ಗೋಡೆಗೆ ಬಡಿದು ಸಾಯದೆ ಮುಂದೆ ಹೋಗುತ್ತದೆ. ಗ್ಯಾಸು ಬರೋಕೆ, ಹೋಗೋಕೆ ಎರಡು ನಿಪ್ಪಲ್. ತುದಿಗಳಿಗೆ ಕವರ್ ಬಿಗಿದು ಕಟ್ಟಿ ಸುತ್ತ ಟೇಪು. ಒಂದು ತುದಿಯ ಎದುರು ಎಣ್ಣೆ ಡಬ್ಬಿಯ ತುಂಬ ಕುದಿಯುವ ನೀರು, ಪೈಪಿನ ಕಡೆಯ ಮುಖಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ. ದಾವಣಗೆರೆಯ ಎತ್ತರದಲ್ಲಿ ನೀರು ಕುದಿಯೋದು ಸುಮಾರು 98 ಡಿಗ್ರಿಯಲ್ಲಿ, ಅದು ಕದಲಲ್ಲ ಅನ್ನೋದೇ ಅನುಕೂಲ.

ಕಷ್ಟ ಆಗಿದ್ದು ಇನ್ನೊಂದು ತುದಿಗೆ. ನನ್ನ ಟೆಂಪರೇಚರ್ ಗನ್ ಇಲ್ಲಿ ಕೆಲಸಕ್ಕೆ ಬರಲ್ಲ. ಅದು ನೋಡೋದು 8ರಿಂದ 14 ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಉದ್ದದ ಅಲೆಗಳನ್ನು ಮಾತ್ರ. ಸಿಓಟು ಜೋರಾಗಿ ಹಿಡಿಯೋದು 15ರ ಸುತ್ತಮುತ್ತ. ಗನ್ ಮಾಡುವವರು ಬೇಕಂತಲೇ ಹೀಗೆ ಮಾಡಿರ್ತಾರೆ, ಇಲ್ಲದಿದ್ದರೆ ಮಧ್ಯದ ಗಾಳಿಯೇ ರೀಡಿಂಗ್ ಕೆಡಿಸುತ್ತದೆ. ಗನ್ನಿನಲ್ಲಿ ಸಿಓಟು ಕಾಣಲಿಲ್ಲ, ಹಾಗಾಗಿ ಅದು ಶಾಖ ಹಿಡಿಯಲ್ಲ ಅಂತ ವಾದ ಮಾಡೋರನ್ನ ನೋಡಿದ್ದೇನೆ. ಉಪಕರಣ ಯಾವುದನ್ನು ನೋಡದ ಹಾಗೆ ಮಾಡಿದ್ದಾರೋ ಅದನ್ನೇ ತೋರಿಸು ಅಂದರೆ ಪಾಪ ಅದೇನು ಮಾಡೀತು?

ಎಸಿ ಸರ್ವಿಸಿಗೆ ಹೋಗುವ ಒಂದು ಡಿಗ್ರಿ ಕಾಲೇಜಿನ ಲ್ಯಾಬಿನಲ್ಲಿ ಹಳೇ ಥರ್ಮೋಪೈಲ್ ಇತ್ತು, ಶಾಖ ಬಿದ್ದರೆ ಚೂರು ಕರೆಂಟು ಕೊಡುವ ಸಾಧನ. ಹಿತ್ತಾಳೆಯ ತುತ್ತೂರಿ ಬಾಯಿ, ಮುಂದೆ ಗಾಜು ಪಾಜು ಏನೂ ಇಲ್ಲ, ಬಂದ ಶಾಖವನ್ನೆಲ್ಲ ತಗೊಳ್ಳುತ್ತದೆ. ಜೊತೆಗೆ ಆ ಕರೆಂಟು ಅಳೆಯೋಕೆ, ಸ್ಕೇಲಿನ ಮೇಲೆ ಬೆಳಕಿನ ಚುಕ್ಕಿ ಓಡುವ ಸ್ಪಾಟ್ ಗ್ಯಾಲ್ವನೋಮೀಟರ್. ಮೇಡಂ ಹತ್ತಿರ ಕೇಳಿದೆ, ಧೂಳು ಒರೆಸಿ ಕೊಟ್ಟರು. ಮಲ್ಟಿಮೀಟರ್ ಸಾಲಲ್ಲ, ಇಲ್ಲಿ ಬರೋದು ಮೈಕ್ರೋವೋಲ್ಟ್ ಲೆಕ್ಕದಲ್ಲಿ.

ಮೊದಲು ಸಿಲಿಕಾ ಜೆಲ್ ಮೂಲಕ ಒಣಗಿಸಿದ ಗಾಳಿ. ಫ್ಯಾನ್ ಆಫ್, ಬಾಗಿಲು ಹಾಕಿ, ಡಬ್ಬಿ ಮತ್ತು ಪೈಪಿನ ನಡುವೆ ಒಂದು ಅಲ್ಯೂಮಿನಿಯಂ ತಗಡು ಅಡ್ಡ. ತಗಡು ತೆಗೆದಾಗ ಚುಕ್ಕಿ ಓಡಿ ಅರವತ್ತರ ಹತ್ತಿರ ನಿಂತಿತು, ಮುಚ್ಚಿದರೆ ವಾಪಸ್ ಸೊನ್ನೆಗೆ. ಆಮೇಲೆ ಸಿಓಟು. ಇಲ್ಲಿ ಒಂದು ಮಾತು: ಸಿಲಿಂಡರಿನಿಂದ ಬಂದ ಸಿಓಟು ತಣ್ಣಗಿರುತ್ತದೆ, ಪೈಪನ್ನೂ ತಣ್ಣಗೆ ಮಾಡುತ್ತದೆ. ಆ ತಂಪಿನಲ್ಲೇ ಅಳೆದರೆ ರೀಡಿಂಗ್ ಸುಮ್ನೆ ಇಳಿದು ಆಸೆ ತೋರಿಸುತ್ತದೆ. ಅದು ರೂಮಿನ ಬಿಸಿಗೆ ಬರೋವರೆಗೆ ಕಾಯಲೇಬೇಕು. ಕಾದು, ತಗಡು ತೆಗೆದೆ. ಚುಕ್ಕಿ ಐವತ್ತು ದಾಟಲಿಲ್ಲ. ಆರರಲ್ಲಿ ಒಂದು ಪಾಲು ಶಾಖ ಆ ಒಂದು ಮೀಟರಿನಲ್ಲೇ ಉಳಿದುಬಿಟ್ಟಿತ್ತು. ಕಣ್ಣಿಗೆ ಪೈಪು ಖಾಲಿ ಖಾಲಿ.

ಮತ್ತೆ ಗಾಳಿ ಹರಿಸಿದೆ, ಚುಕ್ಕಿ ಅರವತ್ತಕ್ಕೆ ಬಂತು. ಆರ್ಗಾನ್ ತುಂಬಿದೆ, ಅರವತ್ತರಲ್ಲೇ ಇತ್ತು! ಬಾಟಲಿಯಲ್ಲಿ ಸಿಓಟುವಿನ ಅಣ್ಣತಮ್ಮನ ಹಾಗಿದ್ದ ಆರ್ಗಾನ್ ಪೈಪಿನಲ್ಲಿ ಗಾಳಿಯ ಪಕ್ಷ ಸೇರಿತು. ನನಗೆ ಬೇಕಾಗಿದ್ದದ್ದು ಇದೇ.

ಸರಿ, ಕಿರಣ ಹಿಡಿಯಿತು. ಹಿಡಿದದ್ದರಿಂದ ಗಾಳಿ ಬಿಸಿ ಆಗುತ್ತಾ, ಅಥವಾ ಹಿಡಿದ ಕ್ಷಣವೇ ವಾಪಸ್ ಉಗುಳಿಬಿಡುತ್ತಾ? ನೆಲಮಟ್ಟದ ಗಾಳಿಯಲ್ಲಿ ಒಂದು ಅಣು ಸೆಕೆಂಡಿಗೆ ನೂರಾರು ಕೋಟಿ ಸಲ ಪಕ್ಕದ ಅಣುಗಳಿಗೆ ಡಿಕ್ಕಿ ಹೊಡೆಯುತ್ತದೆ. ಶಾಖ ಹಿಡಿದು ಅಲುಗಾಡ್ತಿರುವ ಸಿಓಟು ತಾನಾಗಿ ಅದನ್ನು ಕಿರಣವಾಗಿ ಬಿಡೋಕೆ ಹೆಚ್ಚುಕಮ್ಮಿ ಒಂದು ಸೆಕೆಂಡು ಬೇಕು. ಅಷ್ಟರೊಳಗೆ ಡಿಕ್ಕಿಯಲ್ಲೇ ಆ ಶಕ್ತಿ ನೈಟ್ರೋಜನ್, ಆಕ್ಸಿಜನ್ ಪಾಲಾಗಿರುತ್ತದೆ. ಅಂದರೆ ಸುತ್ತಲಿನ ಗಾಳಿ ಬಿಸಿಯಾಯಿತು. ಹಾಗೇ ತಿರುಗಾ ಮುರುಗಾ, ಬಿಸಿ ಗಾಳಿಯ ಡಿಕ್ಕಿಯಿಂದಲೇ ಬೇರೆ ಸಿಓಟು ಅಣುಗಳು ಅಲುಗಾಡಿ ಎಲ್ಲ ದಿಕ್ಕಿಗೂ ಕಿರಣ ಬಿಡುತ್ತವೆ, ಕೆಳಕ್ಕೂ ಬಿಡುತ್ತವೆ.

ಇದು ಪುಸ್ತಕದ ಮಾತು ಅಂದುಕೊಂಡರೆ ಇದಕ್ಕೂ ಕೈಗೆ ಸಿಗುವ ಸಾಕ್ಷಿ ಇದೆ. ರೂಮಿನ ಸಿಓಟು ಅಳೆಯೋಕೆ ಈಗ ಉಗುರಿನಗಲದ ಸೆನ್ಸರ್ ಬರುತ್ತದೆ. ಅದರೊಳಗೆ ಇನ್ಫ್ರಾರೆಡ್ ಕಿರಣವನ್ನು ಬಿಟ್ಟು ಬಿಟ್ಟು ಹಾಯಿಸ್ತಾರೆ. ಸಿಓಟು ಇದ್ದರೆ ಅದು ಕಿರಣ ಹಿಡಿದು, ಒಳಗಿನ ಗಾಳಿ ಬಿಸಿಯಾಗಿ ಉಬ್ಬುತ್ತದೆ, ಕಿರಣ ನಿಂತಾಗ ಇಳಿಯುತ್ತದೆ. ಆ ಉಬ್ಬು ತಗ್ಗು ಅಂದರೆ ಶಬ್ದ. ಒಂದು ಪುಟ್ಟ ಮೈಕು ಅದನ್ನು ಕೇಳಿ ಲೆಕ್ಕ ಹೇಳುತ್ತದೆ. ಹಿಡಿದ ಕಿರಣದಿಂದ ಗಾಳಿ ಬಿಸಿ ಆಗದಿದ್ದರೆ ಆ ಮೈಕಿಗೆ ಏನೂ ಕೇಳಿಸ್ತಿರಲಿಲ್ಲ. ನಾನು ಒಂದು ತರಿಸಿ ಶಾಪಿನಲ್ಲಿಟ್ಟಿದ್ದೇನೆ. ಬಾಗಿಲು ತೆರೆದಿದ್ದರೆ ನಾನೂರರ ಚಿಲ್ಲರೆ, ಎಸಿ ಹಾಕಿಕೊಂಡು ನಾಲ್ಕು ಜನ ಕೂತರೆ ಸಾವಿರ ದಾಟುತ್ತದೆ.

ನಾನೂರು ಅಂದರೆ ಹತ್ತು ಲಕ್ಷಕ್ಕೆ ನಾನೂರು. ಇಷ್ಟರಿಂದ ಏನಾಗುತ್ತೆ ಅಂತ ಎಲ್ಲರೂ ಕೇಳ್ತಾರೆ, ಪೈಪಿನಲ್ಲಿ ನೀನು ಶುದ್ಧ ಸಿಓಟು ತುಂಬಿದೆಯಲ್ಲ ಅಂತಲೂ ಕೇಳ್ತಾರೆ. ಲೆಕ್ಕ ಹಾಕಿ. ನಮ್ಮ ತಲೆ ಮೇಲಿನ ಗಾಳಿಯನ್ನೆಲ್ಲ ನೆಲಮಟ್ಟದ ಒತ್ತಡಕ್ಕೆ ಅದುಮಿದರೆ ಸುಮಾರು ಎಂಟು ಕಿಲೋಮೀಟರ್ ದಪ್ಪ ಆಗುತ್ತದೆ. ಅದರಲ್ಲಿ ಹತ್ತು ಲಕ್ಷಕ್ಕೆ 420 ಅಂದರೆ ಮೂರು ಮೀಟರಿಗಿಂತ ಜಾಸ್ತಿ ದಪ್ಪದ ಶುದ್ಧ ಸಿಓಟು ಪದರ. ನನ್ನ ಪೈಪಿನ ಮೂರು ಪಟ್ಟು! ಕಾರ್ಖಾನೆಗಳು ಬರೋದಕ್ಕೆ ಮೊದಲು 280 ಇದ್ದಾಗ ಆ ಪದರ ಎರಡು ಮೀಟರ್ ಚಿಲ್ಲರೆ. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯೋಕೆ ಶುರು ಮಾಡಿದಾಗ 315ರ ಆಸುಪಾಸು ಇತ್ತು, ಈಗ 420 ದಾಟಿದೆ.

ಒಂದು ಗಟ್ಟಿ ವಾದ ಇನ್ನೂ ಇದೆ. 1900ರಲ್ಲಿ ಸ್ವೀಡನ್ನಿನ ಕ್ನುಟ್ ಆಂಗ್‌ಸ್ಟ್ರಾಮ್ ಕೂಡ ಕೊಳವೆ ಪ್ರಯೋಗ ಆಧರಿಸಿ, ಇರುವ ಸಿಓಟುವೇ ತನ್ನ ಪಾಲಿನ ಕಿರಣವನ್ನೆಲ್ಲ ಹಿಡಿದಾಗಿದೆ, ಇನ್ನಷ್ಟು ಸೇರಿಸಿದರೆ ಏನೂ ಆಗಲ್ಲ ಅಂದರು. ನಾಲ್ಕು ವರ್ಷ ಮೊದಲು ಅದೇ ದೇಶದ ಅರೇನಿಯಸ್, ಸಿಓಟು ಹೆಚ್ಚಿದರೆ ಭೂಮಿ ಎಷ್ಟು ಬಿಸಿ ಆಗುತ್ತೆ ಅಂತ ಹಾಕಿದ್ದ ಲೆಕ್ಕವನ್ನು ಜನ ಪಕ್ಕಕ್ಕಿಟ್ಟಿದ್ದಕ್ಕೆ ಇದೂ ಒಂದು ಕಾರಣ. ಪೈಪಿನ ಮಟ್ಟಿಗೆ ಈ ವಾದ ಕೇಳೋಕೆ ಸರಿ ಅನಿಸುತ್ತದೆ. ಆದರೆ ಆಕಾಶ ಪೈಪಲ್ಲ. ಮೇಲೆ ಹೋದಂತೆ ಗಾಳಿ ತಂಪು, ಚಿತ್ರದುರ್ಗದ ಊರೊಳಗೆ ಬೆವರುತ್ತಿದ್ದವರು ಜೋಗಿಮಟ್ಟಿ ಹತ್ತಿದರೆ ಗೊತ್ತಾಗುತ್ತದೆ. ಸಿಓಟು ಹಿಡಿಯುವ 15 ಮೈಕ್ರೋಮೀಟರಿನ ಅಲೆ ಕೆಳಗಿಂದ ನೇರ ಹೊರಗೆ ಹೋಗಲ್ಲ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮೇಲೇರಿ, ಗಾಳಿ ತೆಳುವಾದ ಎತ್ತರದಿಂದ ತಪ್ಪಿಸಿಕೊಳ್ಳುತ್ತದೆ. ಸಿಓಟು ಜಾಸ್ತಿ ಆದರೆ ಆ ಎತ್ತರ ಇನ್ನೂ ಮೇಲಕ್ಕೆ ಸರಿಯುತ್ತದೆ. ಅಲ್ಲಿ ಇನ್ನೂ ತಂಪು, ತಂಪಾದದ್ದು ಕಡಿಮೆ ಶಾಖ ಬಿಡುತ್ತದೆ. ಬರುವ ಬಿಸಿಲು ಅಷ್ಟೇ ಇದ್ದು ಹೋಗೋದು ಕಡಿಮೆ ಆದರೆ ಕೆಳಗೆ ಏರಲೇಬೇಕು. 1970ರಲ್ಲಿ ಹಾರಿದ ನಿಂಬಸ್-4 ಉಪಗ್ರಹ ಮೇಲಿಂದ ನೋಡಿದಾಗ, ಭೂಮಿಯಿಂದ ಬರುವ ಕಿರಣದಲ್ಲಿ 15ರ ಸುತ್ತ ದೊಡ್ಡ ಕಚ್ಚು ಕಂಡಿತು. ಅಲ್ಲಿಂದ ಹೊರಗೆ ಬರ್ತಿದ್ದದ್ದು ಮೈನಸ್ 50 ಡಿಗ್ರಿ ಆಸುಪಾಸಿನ ತಣ್ಣನೆ ಗಾಳಿಯ ಕಿರಣ. ಸಿಓಟು ಹೆಚ್ಚಿದ್ದರಿಂದ ಕೆಳಗಿನ ಗಾಳಿ ಬಿಸಿ ಆಗ್ತಿದ್ದರೂ ಅದರ ಮೇಲಿನ ಸ್ಟ್ರಾಟೋಸ್ಫಿಯರ್ ಅನ್ನೋ ಪದರ ತಣ್ಣಗಾಗ್ತಿದೆ. ಸೂರ್ಯನೇ ಜೋರಾಗಿದ್ದರೆ ಅದೂ ಬಿಸಿ ಆಗಬೇಕಿತ್ತು, ಅಲ್ವಾ?

ಅದಕ್ಕೇ ಸಿಓಟುವನ್ನು ಕಂಬಳಿ ಅನ್ನೋದು ನನಗೆ ಅಷ್ಟು ಸರಿ ಕಾಣಲ್ಲ. ಚಳ್ಳಕೆರೆ ಕಂಬಳಿ ಮುಖ್ಯವಾಗಿ ಗಾಳಿಯ ಓಡಾಟ ತಡೆದು ಬೆಚ್ಚಗಿಡುತ್ತದೆ. ಅದು ಬಾಟಲಿಯ ಕೆಲಸ, ಪೈಪಿನದ್ದಲ್ಲ.

ನನ್ನ ಕಸುಬಿಗೆ ತಾಗುವ ಇನ್ನೊಂದು ಸಂಗತಿಯನ್ನೂ ನೋಡಿದೆ. ಹಳೇ ಫ್ರಿಜ್ಜಿನಿಂದ ವಾಪಸ್ ಹಿಡಿದಿಟ್ಟಿದ್ದ ಆರ್134ಎ ಗ್ಯಾಸನ್ನು ಪೈಪಿಗೆ ಬಿಟ್ಟು ಗನ್ ಹಿಡಿದಾಗ ಗನ್ನಿನ ರೀಡಿಂಗೇ ಇಳಿಯಿತು. ಅದು ಹಿಡಿಯೋದು ಗನ್ ನೋಡುವ ಅಲೆಗಳಲ್ಲೇ, ನೀರಾವಿ, ಸಿಓಟು ಎರಡೂ ಬಿಟ್ಟಿರುವ ಸಂದಿನಲ್ಲಿ. ತೂಕಕ್ಕೆ ತೂಕ ನೂರು ವರ್ಷದ ಲೆಕ್ಕದಲ್ಲಿ ಅದು ಸಿಓಟುವಿನ ಸಾವಿರದ ಮುನ್ನೂರು ನಾನೂರು ಪಟ್ಟು ಅಂತಾರೆ. ನೋಡಿದ ಮೇಲೆ ಮತ್ತೆ ಸಿಲಿಂಡರಿಗೆ ಎಳೆದುಕೊಂಡೆ. ನಮ್ಮಲ್ಲಿ ಗ್ಯಾಸ್ ಚಾರ್ಜ್ ಮಾಡೋಕೆ ಮುಂಚೆ ಹಳೇದನ್ನು ಬುಸ್ ಅಂತ ಗಾಳಿಗೆ ಬಿಡೋರು ಜಾಸ್ತಿ. ಈ ಪೈಪು ನೋಡಿದ ಇಬ್ಬರು ಹುಡುಗರು ಈಗ ಹಳೇ ಗ್ಯಾಸನ್ನು ವಾಪಸ್ ಸಿಲಿಂಡರಿಗೆ ಎಳೆಯುವ ರಿಕವರಿ ಮಷಿನ್ ಬಾಡಿಗೆಗೆ ಕೇಳ್ತಾರೆ.

ಮಾಡುವವರಿಗೆ ಎರಡು ಮಾತು. ಸಿಓಟು ಸಿಲಿಂಡರನ್ನು ರೆಗ್ಯುಲೇಟರ್ ಇಲ್ಲದೆ ತೆರೆಯಬೇಡಿ. ಗ್ಯಾಸು ಖಾಲಿ ಮಾಡುವಾಗ ಬಾಗಿಲು ಕಿಟಕಿ ತೆರೆದಿಡಿ, ಸಿಓಟು ಆಗಲಿ ಆರ್ಗಾನ್ ಆಗಲಿ ನೆಲದ ಹತ್ತಿರ ಕೂತರೆ ಉಸಿರು ಕಟ್ಟುತ್ತದೆ, ಆರ್ಗಾನ್ ಇರೋದು ಗೊತ್ತೇ ಆಗಲ್ಲ.

ಮುಂದಿನ ಪೈಪು ಮೂರೂವರೆ ಮೀಟರಿನದ್ದು, ತಲೆ ಮೇಲಿನ ಲೆಕ್ಕಕ್ಕೆ ಸರಿಸಮ. ಉದ್ದ ಆದಷ್ಟೂ ಆ ಕಡೆ ತಲುಪುವ ಶಾಖ ಕಡಿಮೆ, ಎಣ್ಣೆ ಡಬ್ಬಿ ಸಾಲಲ್ಲ. ಬೆಣ್ಣೆ ದೋಸೆ ಹೋಟೆಲ್ಲಿನ ಹಳೇ ಕಾವಲಿ ಕೇಳಿದ್ದೇನೆ, ಅಗಲ ಇದೆ, ಕಪ್ಪಗೂ ಇದೆ. ಅದನ್ನು ನೂರು ಡಿಗ್ರಿ ದಾಟಿಸಲ್ಲ, ಜಾಸ್ತಿ ಕಾಯಿಸಿದರೆ ಅದರ ಕಿರಣ ಭೂಮಿಯ ಕಿರಣದಿಂದ ದೂರ ಹೋಗುತ್ತದೆ. ಹೋಟೆಲ್ಲಿನವರು ಹೊಸ ಕಾವಲಿ ಬಂದ ಮೇಲೆ ಕೊಡ್ತೀನಿ ಅಂದಿದ್ದಾರೆ.