ಅಡಿಕೆ ಮಂಡಿಯ ಕಂಪ್ಯೂಟರಿಗೆ ಹೊಕ್ಕ ಟ್ರೋಜನ್: ನನ್ನ ಅನುಭವ

ಆಷಾಢದ ಒಂದು ಬೆಳಿಗ್ಗೆ, ತೀರ್ಥಹಳ್ಳಿಯಲ್ಲಿ ಅಡಿಕೆ ಮಂಡಿ ಇಟ್ಟುಕೊಂಡಿರುವ ಭಾವನ ಫೋನ್. "ಮಾರಾಯ, ಇಮೇಲಲ್ಲಿ ಒಂದು ಪಿಡಿಎಫ್ ಬಂದಿತ್ತು. ಒತ್ತಿದ್ರೆ ಓಪನ್ನೇ ಆಗ್ಲಿಲ್ಲ. ಮೂರು ಸಲ ಒತ್ತಿದೆ."

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡು ಹದಿನೈದು ವರ್ಷವಾಯಿತು. ಮೇಲಲ್ಲಿ ಬಂದ ಫೈಲ್ ಒತ್ತಿದರೂ ಏನೂ ಆಗಲಿಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಹೊಟ್ಟೆಯೊಳಗೆ ತಳಮಳ ಶುರುವಾಗುತ್ತದೆ. ಆಗಬೇಕಾದ್ದು ಆಗಿರುತ್ತದೆ, ಕಣ್ಣಿಗೆ ಕಂಡಿರುವುದಿಲ್ಲ ಅಷ್ಟೆ.

"ಭಾವ, ಮೊದಲು ಹಿಂದಿನ ನೆಟ್ ಕೇಬಲ್ ಕಿತ್ತುಬಿಡಿ. ಕಂಪ್ಯೂಟರ್ ಆಫ್ ಮಾಡ್ಬೇಡಿ, ಹಾಗೇ ಇರ್ಲಿ. ಬ್ಯಾಂಕಿನ ಕೆಲಸ ಮಾತ್ರ ಅದರಲ್ಲಿ ಮಾಡ್ಬೇಡಿ, ಬರ್ತಾ ಇದ್ದೇನೆ" ಅಂದೆ. ಆಫ್ ಮಾಡಬೇಡಿ ಅಂದದ್ದಕ್ಕೆ ಕಾರಣ ಇಷ್ಟೇ: ಒಳಗೆ ಓಡಾಡುತ್ತಿರುವಾಗಲೇ ಕಳ್ಳನನ್ನು ನೋಡುವುದು ಸುಲಭ. ಇನ್ನೊಂದು ಮಾತು ಆಗಲೇ ಹೇಳಬೇಕಿತ್ತು, ಮರೆತೆ. ಅದು ಮುಂದೆ ಬರುತ್ತದೆ.

ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ಬಸ್ಸು ತೀರ್ಥಹಳ್ಳಿ ಸೇರುವಾಗ ಹನ್ನೊಂದೂವರೆ. ತುಂಗೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ಮಂಡಿಯಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಿತ್ತು, ಯುಪಿಎಸ್ ಕೂಗುತ್ತಿತ್ತು.

ಮೊದಲು ನನ್ನ ಫೋನಿನಲ್ಲಿ ಆ ಮೇಲ್ ನೋಡಿದೆ. ಕಳಿಸಿದವರ ವಿಳಾಸ ನೋಡಿ ಅಂತ ಎಲ್ಲರಿಗೂ ಹೇಳುತ್ತೇವಲ್ಲ, ಇಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ. ವಿಳಾಸ ಸರಿಯಾಗಿಯೇ ಇತ್ತು. ಭಾವನಿಂದ ರಾಶಿ ಅಡಿಕೆ ತರಿಸಿಕೊಳ್ಳುವ ಗುಜರಾತಿನ ಖರೀದಿದಾರರದ್ದೇ ಅಕೌಂಟ್; ಹಿಂದಿನ ವಾರ ಭಾವ ಕಳಿಸಿದ ಬಿಲ್ಲಿನ ಮೇಲ್‌ಗೇ ಉತ್ತರವಾಗಿ ಬಂದಿತ್ತು. ಅವರ ಮೇಲ್ ಮೊದಲೇ ಕಳ್ಳರ ಕೈ ಸೇರಿತ್ತು. ಈ ಉಪಾಯ ಹಳೆಯದು. 2014ರಲ್ಲಿ ಕಾಣಿಸಿಕೊಂಡ ಎಮೊಟೆಟ್ ಎಂಬ ಟ್ರೋಜನ್ (ಒಳ್ಳೆಯ ಫೈಲಿನ ವೇಷದಲ್ಲಿ ಒಳನುಗ್ಗುವ ಕಳ್ಳ ಪ್ರೋಗ್ರಾಮ್) ಕದ್ದ ಮೇಲ್‌ಗಳಿಗೇ ಉತ್ತರ ಬರೆದ ಹಾಗೆ ಹರಡುತ್ತಿತ್ತು. 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಅದರ ಸರ್ವರ್‌ಗಳನ್ನು ಹಿಡಿದರು. ನವೆಂಬರಿಗೆ ಅದು ಮತ್ತೆ ಎದ್ದು ಕೂತಿತ್ತು.

ಮೇಲ್‌ನಲ್ಲಿ ಎರಡೇ ಸಾಲು. ಪೇಮೆಂಟ್ ವಿವರ ಜಿಪ್‌ನಲ್ಲಿದೆ (ಫೈಲ್‌ಗಳನ್ನು ಒತ್ತಿ ಕಟ್ಟಿದ ಗಂಟು), ಪಾಸ್‌ವರ್ಡ್ ಇಷ್ಟು. ಬೀಗದ ಜೊತೆ ಬೀಗದ ಕೈಯನ್ನೂ ಅದೇ ಲಕೋಟೆಯಲ್ಲಿ ಯಾರು ಕಳಿಸುತ್ತಾರೆ? ಆ ಪಾಸ್‌ವರ್ಡ್ ಇರುವುದು ಭಾವನಿಗೋಸ್ಕರ ಅಲ್ಲ. ದಾರಿಯಲ್ಲಿ ಮೇಲ್ ಪರೀಕ್ಷೆ ಮಾಡುವ ಸರ್ವರಿಗೆ ಒಳಗೇನಿದೆ ಅಂತ ಕಾಣಬಾರದು, ಅದಕ್ಕೆ. ನನ್ನ ಮಟ್ಟಿಗೆ ಇದೊಂದೇ ಗುರುತು ಸಾಕು, ಫೋನ್ ಮಾಡಿ ಕೇಳದೆ ಅಂಥದ್ದನ್ನು ಬಿಚ್ಚಬಾರದು.

ಕಂಪ್ಯೂಟರಿನಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು, ವ್ಯೂ ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಎದುರು ಟಿಕ್ ಹಾಕಿದೆ. ಪಿಡಿಎಫ್ ಚಿತ್ರ ಹೊತ್ತಿದ್ದ ಫೈಲಿನ ಹೆಸರಿನ ಬಾಲದಲ್ಲಿ '.ಪಿಡಿಎಫ್.ಇಎಕ್ಸ್‌ಇ' ಅಂತ ಕಂಡಿತು. ಇಎಕ್ಸ್‌ಇ ಅಂದರೆ ಓದುವ ಕಾಗದ ಅಲ್ಲ, ಒತ್ತಿದರೆ ಓಡುವ ಪ್ರೋಗ್ರಾಮ್. ವಿಂಡೋಸ್ ಕೊನೆಯ ಬಾಲ ಮುಚ್ಚಿಡುವುದರಿಂದ ಭಾವನಿಗೆ ಪಿಡಿಎಫ್ ಅಂತ ಮಾತ್ರ ಕಂಡಿದೆ. ಮಧ್ಯೆ ಒಂದು ಪೆಟ್ಟಿಗೆ ಬಂದು ಅನುಮತಿ ಕೇಳಿತಂತೆ, ಇವರು ಯೆಸ್ ಒತ್ತಿದ್ದಾರೆ. ಅವರು ದಿನಾ ಕೂರುವುದೇ ಅಡ್ಮಿನ್ ಖಾತೆಯಲ್ಲಿ, ಅಂದರೆ ಏನು ಬೇಕಾದರೂ ಬದಲಿಸುವ ಅಧಿಕಾರ ಇರುವ ಖಾತೆಯಲ್ಲಿ.

ಇಲ್ಲಿ ನಾನೂ ಎಡವಿದೆ. ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್‌ನಲ್ಲಿ ಕ್ವಿಕ್ ಸ್ಕ್ಯಾನ್ ಕೊಟ್ಟೆ. ಏನೂ ಸಿಗಲಿಲ್ಲ ಅಂತ ಹಸಿರು ಟಿಕ್ ಬಂತು. ಭಾವ "ನೋಡು, ಎಂತದೂ ಇಲ್ಲ" ಅಂತ ಕಾಫಿ ತರಿಸಿದರು. ಕಾಫಿ ಕುಡಿಯುತ್ತ, ಈಗ ಓಡುತ್ತಿರುವ ಪ್ರೋಗ್ರಾಮ್‌ಗಳನ್ನೆಲ್ಲ ತೋರಿಸುವ ಟಾಸ್ಕ್ ಮ್ಯಾನೇಜರಿನ ಡಿಟೇಲ್ಸ್ ಪಟ್ಟಿಯ ಮೇಲೆ ಕಣ್ಣಾಡಿಸುತ್ತಿದ್ದೆ. ಎಸ್‌ವಿಸಿಹೋಸ್ಟ್ ಅನ್ನುವುದು ವಿಂಡೋಸಿನದೇ ಕೆಲಸಗಾರ, ಒಂದೇ ಹೆಸರಿನಲ್ಲಿ ಹತ್ತಾರು ಇರುತ್ತವೆ. ಅವುಗಳ ನಡುವೆ ಒಂದು ಎಸ್‌ಸಿವಿಹೋಸ್ಟ್. ವಿ ಮತ್ತು ಸಿ ಅದಲುಬದಲು. ಬಲ ಗುಂಡಿ ಒತ್ತಿ 'ಓಪನ್ ಫೈಲ್ ಲೊಕೇಶನ್' ಕೊಟ್ಟರೆ ವಿಂಡೋಸಿನ ಸ್ವಂತ ಫೈಲ್‌ಗಳಿರುವ ಸಿಸ್ಟಮ್32 ತೆರೆಯಬೇಕಾದಲ್ಲಿ ಆಪ್‌ಡೇಟಾದ ರೋಮಿಂಗ್ ಫೋಲ್ಡರ್ ತೆರೆಯಿತು.

ಮತ್ತೆ ಸ್ಕ್ಯಾನ್‌ಗೆ ಯಾಕೆ ಕಾಣಲಿಲ್ಲ? ವಿಂಡೋಸ್ ಸೆಕ್ಯುರಿಟಿಯಲ್ಲಿ ಎಕ್ಸ್‌ಕ್ಲೂಷನ್ಸ್ ಅಂತ ಒಂದು ಮೂಲೆ ಇದೆ, ಸ್ಕ್ಯಾನ್ ಮಾಡಬಾರದ ಜಾಗಗಳ ಪಟ್ಟಿ. ಅದರಲ್ಲಿ ಇದೇ ರೋಮಿಂಗ್ ಫೋಲ್ಡರ್ ಕೂತಿತ್ತು. ಭಾವ ಒತ್ತಿದ ಯೆಸ್‌ನ ಬಲದಿಂದ ಟ್ರೋಜನ್ ಒಳಗೆ ಬಂದು ಮೊದಲು ಕಾವಲಿನವನಿಗೇ ಆ ಕಡೆ ನೋಡಬೇಡ ಅಂತ ಹೇಳಿಟ್ಟಿತ್ತು. ಈಗ ನಾನು ಯಾವ ಕಂಪ್ಯೂಟರ್ ಮುಂದೆ ಕೂತರೂ ಆ ಪಟ್ಟಿ ನೋಡಿಯೇ ಸ್ಕ್ಯಾನ್ ಕೊಡುವುದು.

ಪಟ್ಟಿಯಿಂದ ಆ ಫೋಲ್ಡರ್ ತೆಗೆದು, ಓಡುತ್ತಿದ್ದ ಕಳ್ಳ ಪ್ರೊಸೆಸ್ ನಿಲ್ಲಿಸಿ, ಫೈಲ್ ಅಳಿಸಿದೆ. ಹತ್ತು ನಿಮಿಷಕ್ಕೆ ಮತ್ತೆ ಅದೇ ಜಾಗದಲ್ಲಿ ಅದೇ ಫೈಲ್. ಹಿತ್ತಲಿನ ಕಳೆಯ ತಲೆ ಕತ್ತರಿಸಿದ ಹಾಗಾಯಿತು. ಪೆನ್‌ಡ್ರೈವ್‌ನಲ್ಲಿ ತಂದಿದ್ದ ಆಟೊರನ್ಸ್ ಓಡಿಸಿದೆ. ಮೈಕ್ರೋಸಾಫ್ಟಿನದೇ ಸಿಸ್‌ಇಂಟರ್ನಲ್ಸ್ ಗುಂಪಿನ ಪುಕ್ಕಟೆ ಸಾಧನ. ಕಂಪ್ಯೂಟರ್ ಶುರುವಾದಾಗ ತಾವಾಗಿ ಏಳುವ ಎಲ್ಲವನ್ನೂ ಒಂದೇ ಕಡೆ ತೋರಿಸುತ್ತದೆ. ವಿಂಡೋಸಿನ ಸೆಟ್ಟಿಂಗ್ ದಾಖಲೆಯಾದ ರಿಜಿಸ್ಟ್ರಿಯ ರನ್ ಕೀಲಿಯಲ್ಲಿ ಒಂದು ನಮೂದು, ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಶೆಡ್ಯೂಲ್ಡ್ ಟಾಸ್ಕ್‌ನಲ್ಲಿ ಇನ್ನೊಂದು. ಹತ್ತು ಹತ್ತು ನಿಮಿಷಕ್ಕೆ ಎದ್ದು, ಫೈಲ್ ಇಲ್ಲದಿದ್ದರೆ ಬಚ್ಚಿಟ್ಟ ಇನ್ನೊಂದು ಪ್ರತಿಯಿಂದ ಮತ್ತೆ ತಂದಿಡುವುದು ಆ ಟಾಸ್ಕ್‌ನ ಕೆಲಸ. ಟಾಸ್ಕ್, ರನ್ ನಮೂದು, ಪ್ರೊಸೆಸ್, ಕೊನೆಗೆ ಎರಡೂ ಫೈಲ್, ಈ ಕ್ರಮದಲ್ಲಿ ತೆಗೆದ ಮೇಲೆ ಅದು ಮತ್ತೆ ಏಳಲಿಲ್ಲ.

ಅಳಿಸುವ ಮೊದಲು ಅದರ ಹ್ಯಾಶ್ ತೆಗೆದಿಟ್ಟುಕೊಂಡಿದ್ದೆ. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ, ಅರವತ್ನಾಲ್ಕು ಅಕ್ಷರ ಅಂಕಿಗಳ ಸರ. ನೆಟ್ ಇಲ್ಲದ್ದರಿಂದ ಸೊಸೆ ಪುಟ್ಟಿ ಪರದೆ ನೋಡಿ ಒಂದೊಂದೇ ಓದಿದಳು, ನಾನು ಫೋನಿನಲ್ಲಿ ವೈರಸ್‌ಟೋಟಲ್‌ಗೆ (ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ತೋರಿಸುವ ಜಾಲತಾಣ) ಕುಟ್ಟಿದೆ. "ಮಾವ, ಒಂಬತ್ತು ಅಂದೆ, ನೀವು ಆರು ಹೊಡ್ದ್ರಿ" ಅಂತ ಎರಡು ಸಲ ಬೈಸಿಕೊಂಡೆ. ಫೈಲನ್ನೇ ಏರಿಸಬಹುದಿತ್ತಲ್ಲ ಅಂದರೆ, ಅಲ್ಲಿ ಏರಿಸಿದ್ದು ಬೇರೆಯವರ ಕೈಗೂ ಸಿಗುತ್ತದೆ. ಫೈಲಿನೊಳಗೆ ಮಂಡಿಯ ಲೆಕ್ಕ ಏನಾದರೂ ಸೇರಿದ್ದರೆ ಅದು ಹಾಗೆ ಹಂಚುವಂಥದ್ದಲ್ಲ, ಹ್ಯಾಶ್ ಆದರೆ ಚಿಂತೆಯಿಲ್ಲ. ಹೆಚ್ಚಿನ ಆಂಟಿವೈರಸ್‌ಗಳು ಕೊಟ್ಟ ಹೆಸರು ಏಜೆಂಟ್ ಟೆಸ್ಲಾ. ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ಬರೆದುಕೊಳ್ಳುವ, ಪರದೆಯ ಚಿತ್ರ ತೆಗೆಯುವ, ಬ್ರೌಸರ್ ನೆನಪಿಟ್ಟ ಪಾಸ್‌ವರ್ಡ್ ಬಾಚಿ ಕಳಿಸುವ ಜಾತಿ.

ಹೆಸರು ನೋಡಿದ ಮೇಲೇ ಬೆಳಿಗ್ಗೆ ಮರೆತದ್ದು ನೆನಪಾದದ್ದು. ಪಾಸ್‌ವರ್ಡ್‌ಗಳನ್ನು ಇನ್ನೊಂದು ಫೋನಿನಿಂದ ಕೂಡಲೇ ಬದಲಿಸಿ ಅಂತ ಹೇಳಬೇಕಿತ್ತು. ಕಂಪ್ಯೂಟರಿಗೆ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಹಚ್ಚಿ (ವಿಂಡೋಸ್ ಏಳುವ ಮೊದಲೇ ನಡೆಯುವ ಈ ತಪಾಸಣೆಗೆ ಸುಮಾರು ಕಾಲು ಗಂಟೆ, ಯುಪಿಎಸ್ ಮಾನ ಉಳಿಸಿತು) ಅಕ್ಕನ ಫೋನಿನಲ್ಲಿ ಭಾವನ ಮೇಲ್ ತೆರೆದು ಪಾಸ್‌ವರ್ಡ್ ಬದಲಿಸಿದೆ, ಎಲ್ಲ ಸಾಧನಗಳಿಂದ ಲಾಗ್ ಔಟ್ ಮಾಡಿಸಿದೆ, ಎರಡು ಹಂತದ ಪರಿಶೀಲನೆ ಹಾಕಿದೆ. ಬಳಿಕ ನನ್ನ ಲ್ಯಾಪ್‌ಟಾಪಿನಲ್ಲಿ ಮೇಲ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಫಿಲ್ಟರ್‌ಗಳನ್ನು ನೋಡಿದೆ. ಭಾವ ಜನ್ಮದಲ್ಲಿ ಫಿಲ್ಟರ್ ಮಾಡಿದವರಲ್ಲ. ಅಲ್ಲೊಂದು ಇತ್ತು: 'ಪೇಮೆಂಟ್' ಶಬ್ದವಿರುವ ಮೇಲ್ ಬಂದರೆ ಯಾವುದೋ ವಿಳಾಸಕ್ಕೆ ಕಳಿಸಿ, ಇಲ್ಲಿಂದ ಅಳಿಸು.

"ಭಾವ, ಗುಜರಾತಿನವರಿಗೆ ಈಗಲೇ ಫೋನ್ ಮಾಡಿ."

ಅವರು ನಗುತ್ತಲೇ ಹೇಳಿದರಂತೆ, ನಿಮ್ಮ ಹೊಸ ಬ್ಯಾಂಕ್ ಅಕೌಂಟ್ ನಂಬರ್ ಬಂದಿದೆ, ನಾಳೆ ದುಡ್ಡು ಹಾಕುತ್ತೇವೆ ಅಂತ. ಭಾವ ಕುರ್ಚಿಯಲ್ಲಿ ಕೂತವರು ಸುಮಾರು ಹೊತ್ತು ಮಾತಾಡಲಿಲ್ಲ. ಒಂದು ಲೋಡ್ ಅಡಿಕೆಯ ದುಡ್ಡು ಕಳ್ಳರ ಅಕೌಂಟಿಗೆ ಹೋಗುವುದರಲ್ಲಿತ್ತು. ಹೋಗಿರಲಿಲ್ಲ ನಿಜ, ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಿತ್ತು. ಉಳಿದ ಮೂವರು ಖರೀದಿದಾರರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ, ನಮ್ಮ ಇಮೇಲಿನಿಂದ ಜಿಪ್ ಬಂದರೆ ಮುಟ್ಟಬೇಡಿ ಅಂದೆವು.

ಆಫ್‌ಲೈನ್ ಸ್ಕ್ಯಾನ್ ಏನೂ ಉಳಿದಿಲ್ಲ ಅಂದಿತು. ಆದರೂ ಮರುದಿನ ಟ್ಯಾಲಿ ಡೇಟಾ, ಬಿಲ್ಲುಗಳನ್ನು ಮಾತ್ರ ಬೇರೆ ಡಿಸ್ಕಿಗೆ ತೆಗೆದು, ವಿಂಡೋಸ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿದೆ. ಹಣದ ವ್ಯವಹಾರ ಮಾಡುವ ಯಂತ್ರ ಪರವಾಗಿಲ್ಲ ಅನ್ನಿಸಿದರೆ ಸಾಲದು. "ನುಡಿ ಫಾಂಟ್ ಹೋದ್ರೆ ಪಟ್ಟಿ ಹೊಡೆಯೋದು ಹೆಂಗೆ?" ಅಂತ ಭಾವನಿಗೆ ಅದೇ ಚಿಂತೆ. ನುಡಿ ಹಾಕಿಕೊಟ್ಟೆ. ಭಾವನಿಗೆ ಸಾಮಾನ್ಯ ಖಾತೆ, ಅಡ್ಮಿನ್ ಪಾಸ್‌ವರ್ಡ್ ಪುಟ್ಟಿಯ ಹತ್ತಿರ. ಮೊನ್ನೆ ಫೋನ್ ಮಾಡಿದ್ದರು. ಪ್ರಿಂಟರಿನ ಸಾಫ್ಟ್‌ವೇರ್ ಹಾಕಬೇಕು, ಪುಟ್ಟಿ ಶಾಲೆಯಿಂದ ಬರುವ ತನಕ ಕಾಯುತ್ತ ಕೂತಿದ್ದೇನೆ ಅಂತ ದೂರು.