ಹೈಬ್ರಿಡ್ ಕಾರು ಕೊಡಗಿನ ಮನೆಗೆ ಲಾಭವೇ? ಹೀಗೆ ಲೆಕ್ಕ ಹಾಕಿ

ಕಾಫಿ ಮಾರಿದ ದುಡ್ಡು ಕೈಸೇರುವ ಹೊತ್ತಿಗೆ ನಮ್ಮ ಕಡೆ ಹೊಸ ಕಾರಿನ ಮಾತು ಏಳುತ್ತದೆ. ರೈಲಿಲ್ಲದ ಜಿಲ್ಲೆ ನಮ್ಮದು. ದೊಡ್ಡಾಸ್ಪತ್ರೆಗೆ ಮೈಸೂರು, ಮಕ್ಕಳ ಕಾಲೇಜಿಗೆ ಮಂಗಳೂರು ಎಂದರೆ ಕಾರೇ ಗತಿ. ಈಗ ಎಲ್ಲರೂ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿಯ ಮೋಟಾರೂ ಇರುವ ಕಾರು, ಕೇಳುತ್ತಿದ್ದಾರೆ. ಮುಂಗಡ ಕಟ್ಟುವ ಮೊದಲು ಕೆಲವು ಕೆಲಸ ಮಾಡಲೇಬೇಕು.

ಮೊದಲು, ಶೋರೂಮಿನಲ್ಲಿ ಒಂದೇ ಪ್ರಶ್ನೆ ಕೇಳಿ: ಎಂಜಿನ್ ಆಫ್ ಆಗಿ ಬರೀ ಮೋಟಾರಿನಲ್ಲಿ ಈ ಗಾಡಿ ಓಡುತ್ತದೆಯೇ? ಓಡಿದರೆ ಅದು ಸ್ಟ್ರಾಂಗ್ ಹೈಬ್ರಿಡ್. ಇಲ್ಲದಿದ್ದರೆ ಮೈಲ್ಡ್, ಅದರ ಮೋಟಾರು ಎಂಜಿನ್‌ಗೆ ಕೈಜೋಡಿಸುತ್ತದೆ ಅಷ್ಟೆ. ಮಾರುತಿಯ ಗ್ರ್ಯಾಂಡ್ ವಿಟಾರಾ, ಟೊಯೊಟಾದ ಹೈರೈಡರ್ ಎರಡರಲ್ಲೂ ಎರಡೂ ಬಗೆ ಮಾರಾಟವಾಗಿವೆ. ಹೆಸರು ನೋಡಿ ಮೋಸಹೋಗಬೇಡಿ.

ಆಮೇಲೆ, ಈಗಿರುವ ಕಾರು ಕಳೆದ ವರ್ಷ ಎಷ್ಟು ಕಿಲೋಮೀಟರ್ ಓಡಿದೆ ಎಂದು ಸರ್ವಿಸ್ ಬಿಲ್‌ಗಳಿಂದ ತೆಗೆಯಿರಿ. ಅಂದಾಜು ಬೇಡ, ನಾವೆಲ್ಲ ಜಾಸ್ತಿಯೇ ಹೇಳುತ್ತೇವೆ. ಸ್ಟ್ರಾಂಗ್ ಹೈಬ್ರಿಡ್ ಗ್ರ್ಯಾಂಡ್ ವಿಟಾರಾದ ಅಧಿಕೃತ ಮೈಲೇಜ್ ಲೀಟರಿಗೆ 27.97 ಕಿ.ಮೀ. ನಮ್ಮ ತಿರುವುಗಳಲ್ಲಿ ಅದನ್ನು ನಂಬಿ ಲೆಕ್ಕ ಹಾಕಬೇಡಿ. ಹೈಬ್ರಿಡ್ 21, ಮಾಮೂಲಿ ಪೆಟ್ರೋಲ್ ಕಾರು 14 ಕೊಡುತ್ತದೆ, ಪೆಟ್ರೋಲ್ ₹103, ಬೆಲೆಯ ಅಂತರ ₹3 ಲಕ್ಷ ಎಂದಿಟ್ಟುಕೊಳ್ಳಿ. ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ ಉಳಿಯುವುದು ₹29,000 ಚಿಲ್ಲರೆ. ಅಂತರ ತೀರಲು 10 ವರ್ಷ ಬೇಕು. 25,000 ಕಿ.ಮೀ. ಓಡಿಸುವವರಿಗೆ 5 ವರ್ಷ ಸಾಕು. ತೋಟ, ಸಂತೆ, ನೆಂಟರ ಮದುವೆ ಎಂದು ಓಡಾಡುವ ಮನೆಗೆ ಇದು ದುಬಾರಿ ಎಂಬುದೇ ನನ್ನ ಅಭಿಪ್ರಾಯ. ವಾರವಾರವೂ ಮೈಸೂರು, ಬೆಂಗಳೂರು ಸುತ್ತುವವರು ಧೈರ್ಯವಾಗಿ ಕೊಳ್ಳಬಹುದು. ಹಾಂ, ರಸ್ತೆ ತೆರಿಗೆ ಕಾರಿನ ಬೆಲೆಯ ಮೇಲೇ ಬೀಳುವುದರಿಂದ ಅಂತರವನ್ನು ಆನ್‌ರೋಡ್ ಬೆಲೆಯಲ್ಲೇ ನೋಡಿ.

ಟೆಸ್ಟ್ ಡ್ರೈವ್ ಮಾತ್ರ ಬಿಡಬೇಡಿ. ಊರೊಳಗಿನ ಸಮತಟ್ಟು ರಸ್ತೆಯಲ್ಲಿ ಹೈಬ್ರಿಡ್ ಬೆಣ್ಣೆಯಂತೆ ಸಾಗುತ್ತದೆ, ಅದರಿಂದ ನಿಮಗೇನೂ ತಿಳಿಯದು. ಮನೆಯ ಐದೂ ಮಂದಿಯನ್ನು ಕೂರಿಸಿಕೊಂಡು ಕುಶಾಲನಗರದಿಂದ ಸುಂಟಿಕೊಪ್ಪ, ಬೋಯಿಕೇರಿ ದಾಟಿ ಮಡಿಕೇರಿಗೆ ಹತ್ತಿಸಿ. ಏರಿನಲ್ಲಿ ಬ್ಯಾಟರಿ ಬೇಗ ಬರಿದಾಗಿ ಎಂಜಿನ್ ಒಂದೇ ಸಮನೆ ಗುಂಯ್‌ಗುಡತೊಡಗುತ್ತದೆ. ಆ ಸದ್ದಿಗೆ ಒಗ್ಗಿಕೊಳ್ಳುವಿರಾ, ಲಾರಿ ಹಿಂದಿಕ್ಕುವಾಗ ಕಾಲಿಗೆ ಬಲ ಸಿಗುತ್ತದೆಯೇ, ಗಮನಿಸಿ. ಇಳಿಜಾರಿನ ಮಾತೇ ಬೇರೆ. ಸಂಪಾಜೆ ಘಾಟಿ ಇಳಿಯುವಾಗ ಚಕ್ರವೇ ಬ್ಯಾಟರಿ ತುಂಬಿಸುತ್ತದೆ. ಆದರೆ ಗ್ರ್ಯಾಂಡ್ ವಿಟಾರಾದ ಬ್ಯಾಟರಿ ಹಿಡಿಯುವುದು ಒಂದು ಯೂನಿಟ್‌ಗೂ ಕಮ್ಮಿ ಕರೆಂಟು. ಅರ್ಧ ಘಾಟಿಯಲ್ಲೇ ಅದು ತುಂಬಿತೆಂದರೆ ಉಳಿದ ಇಳಿಜಾರಿನ ಶಕ್ತಿ ವ್ಯರ್ಥ. ಆಗ ಗೇರ್ ಲಿವರಿನಲ್ಲಿ 'ಬಿ' ಇದ್ದರೆ ಅದಕ್ಕೆ ಹಾಕಿ, ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ, ಬ್ರೇಕ್ ಅಷ್ಟು ಬಿಸಿಯಾಗುವುದಿಲ್ಲ.

ಡಿಕ್ಕಿ ತೆಗೆದು ನೋಡಿ. ಬ್ಯಾಟರಿಯೂ ಜಾಗ ತಿನ್ನುತ್ತದೆ: ಗ್ರ್ಯಾಂಡ್ ವಿಟಾರಾದ ಮೈಲ್ಡ್‌ನಲ್ಲಿ 373 ಲೀಟರ್ ಇದ್ದರೆ ಸ್ಟ್ರಾಂಗ್‌ನಲ್ಲಿ 265. ಬ್ಯಾಟರಿಗೆ ಗಾಳಿ ಹೋಗುವ ಜಾಲರಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿ. ಹಿಂದಿನ ಸೀಟಿನ ಬಳಿ ಇದ್ದರೆ ಗೋಣಿಚೀಲ, ನಾಯಿಯ ಕೂದಲು ಅದನ್ನು ಮುಚ್ಚದಂತೆ ನೋಡಿಕೊಳ್ಳಬೇಕು. ಟೊಯೊಟಾ, ಮಾರುತಿ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುತ್ತವೆ. ಹಳೆಯದನ್ನು ಕೊಳ್ಳುವವರು ಅದರಲ್ಲಿ ಎಷ್ಟು ಉಳಿದಿದೆ ಎಂದು ಎಣಿಸಿಯೇ ದರ ಮಾತಾಡಿ.

ಕೊನೆಗೆ, ಮಳೆಗಾಲ. ದೊಡ್ಡ ಬ್ಯಾಟರಿ ಎಷ್ಟೇ ತುಂಬಿರಲಿ, ಗಾಡಿಯನ್ನು ಎಬ್ಬಿಸುವುದು ಮಾಮೂಲಿ 12 ವೋಲ್ಟ್‌ನ ಚಿಕ್ಕ ಬ್ಯಾಟರಿ. ನಮ್ಮ ಪಕ್ಕದ ತೋಟದಲ್ಲಿ ಆಷಾಢದ ಮಳೆಗೆ ಮೂರು ವಾರ ಶೆಡ್ಡಿನಲ್ಲೇ ನಿಂತ ಕಾರು ಬಟನ್ ಒತ್ತಿದರೆ ಮಿಸುಕಲಿಲ್ಲ. ಹೊರಗೆ ಧೋ ಎಂದು ಮಳೆ, ಒಳಗೆ ಅಜ್ಜಿಗೆ ಜ್ವರ. ಬೇರೆ ಕಾರಿನಿಂದ ಕೇಬಲ್ ಹಾಕಿ ಎಬ್ಬಿಸಬೇಕಾಯಿತು. ವಾರಕ್ಕೊಮ್ಮೆ ಅರ್ಧ ಗಂಟೆ ಗಾಡಿಯನ್ನು ಆನ್ ಮಾಡಿ 'ರೆಡಿ' (ಓಡಲು ಸಿದ್ಧ) ಸ್ಥಿತಿಯಲ್ಲಿಡಿ, ಜಂಪರ್ ಕೇಬಲ್ ಡಿಕ್ಕಿಯಲ್ಲಿರಲಿ. ಬಾನೆಟ್ಟಿನಡಿ ಕಾಣುವ ಕಿತ್ತಳೆ ಬಣ್ಣದ ವಯರಿಗೆ ಮಾತ್ರ ಯಾರೂ ಕೈಹಾಕಬಾರದು. ಅದರಲ್ಲಿ ಜೀವ ತೆಗೆಯುವಷ್ಟು ಕರೆಂಟು ಹರಿಯುತ್ತದೆ. ಇಲಿ ಅದನ್ನು ಕಡಿದದ್ದು ಕಂಡರೂ ಊರ ಮೆಕ್ಯಾನಿಕ್ ಕೈಗೆ ಕೊಡದೆ ಕಂಪನಿಯವರನ್ನೇ ಕರೆಸಿ.